ರೆಯಾಲ್ ದೆಲ್ ಮೊಂತೆ: ಬೆಳ್ಳಿಗಿಂತ ನೀರಿಗೇ ಹೆಚ್ಚು ಹೆಣಗಿದ ಊರು

ಮೆಕ್ಸಿಕೊ ಎಂದರೆ ನಮ್ಮಲ್ಲಿ ಹಲವರಿಗೆ ಕಳ್ಳಿಗಿಡ, ಬಿರುಬಿಸಿಲು, ಅಗಲ ಅಂಚಿನ ಟೋಪಿ. ಇದಾಲ್ಗೊ ರಾಜ್ಯದ ರೆಯಾಲ್ ದೆಲ್ ಮೊಂತೆಗೆ ಈ ಚಿತ್ರ ಸ್ವಲ್ಪವೂ ಹೊಂದುವುದಿಲ್ಲ. ರಾಜಧಾನಿ ಮೆಕ್ಸಿಕೊ ನಗರದಿಂದ ಈಶಾನ್ಯಕ್ಕೆ ನೂರು ಕಿಲೋಮೀಟರ್ ದೂರದಲ್ಲಿ, ಸಮುದ್ರಮಟ್ಟದಿಂದ ಸುಮಾರು 2,700 ಮೀಟರ್ ಎತ್ತರದಲ್ಲಿ ಈ ಊರಿದೆ. ವರ್ಷದ ಬಹುಕಾಲ ಚಳಿ, ಮಂಜು. ಬೆಟ್ಟದ ಮೈಗೆ ಅಂಟಿಕೊಂಡ ಮನೆಗಳು, ಇಳಿಜಾರಾದ ಕೆಂಪು ತಗಡಿನ ಮಾಡುಗಳು, ಏದುಸಿರು ಬರಿಸುವ ಕಲ್ಲುಹಾಸಿನ ಓಣಿಗಳು, ಸುತ್ತ ಓಯಾಮೆಲ್ ಎಂಬ ಸೂಚಿಪರ್ಣಿ ಮರಗಳ ಕಾಡು. ಸರ್ಕಾರಿ ಕಡತಗಳಲ್ಲಿ ಊರಿನ ಹೆಸರು ಮಿನೆರಾಲ್ ದೆಲ್ ಮೊಂತೆ. ಊರಿನವರು ಮಾತ್ರ ಹಳೆಯ ಹೆಸರನ್ನು ಬಿಟ್ಟಿಲ್ಲ. ಸುತ್ತಲ ಹಳ್ಳಿಗಳನ್ನೂ ಸೇರಿಸಿದರೆ ಜನಸಂಖ್ಯೆ ಹದಿನಾಲ್ಕು ಸಾವಿರದ ಆಸುಪಾಸು. ಹತ್ತು ಹನ್ನೆರಡು ಕಿಲೋಮೀಟರ್ ಕೆಳಗೆ ರಾಜ್ಯದ ರಾಜಧಾನಿ ಪಚೂಕಾ ಇದೆ.

ಇಷ್ಟು ಸಣ್ಣ ಊರಿನ ಬಗ್ಗೆ ಓದಲು ಹೊರಟರೆ ಒಂದಕ್ಕೊಂದು ಸಂಬಂಧವಿಲ್ಲದ ಸಂಗತಿಗಳು ಎದುರಾಗುತ್ತವೆ. ಅಮೆರಿಕ ಖಂಡದ ಮೊದಲ ಕಾರ್ಮಿಕ ಮುಷ್ಕರ ಇಲ್ಲಿ ನಡೆಯಿತು ಎನ್ನುತ್ತಾರೆ. ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನ ತಿಂಡಿಯೊಂದು ಇಲ್ಲಿ ಮನೆಮಾತು. ಗುಡ್ಡದ ಮೇಲೆ ಇಂಗ್ಲಿಷರ ಸ್ಮಶಾನವಿದೆ. ಏಸುವಿನ ವಿಗ್ರಹದ ಕೈಯಲ್ಲಿ ಗಣಿದೀಪವಿದೆ. ಪ್ರವಾಸಿ ಕೈಪಿಡಿಗಳು ಇವನ್ನೆಲ್ಲ ಬೇರೆಬೇರೆ ಕುತೂಹಲಗಳೆಂಬಂತೆ ಪಟ್ಟಿ ಮಾಡಿ ಕೈತೊಳೆದುಕೊಳ್ಳುತ್ತವೆ. ನನಗೆ ಕಾಣುವಂತೆ ಇವುಗಳ ಹಿಂದೆ ಒಂದೇ ಕಾರಣವಿದೆ: ನೆಲದೊಳಗಿನ ನೀರು. ಬೆಳ್ಳಿ ಊರನ್ನು ಹುಟ್ಟಿಸಿತು, ನಿಜ. ಆದರೆ ಇಲ್ಲಿಗೆ ಯಾರು ಬಂದರು, ಯಾರು ಕೂಲಿ ಕಳೆದುಕೊಂಡರು, ಯಾರು ಮುಳುಗಿದರು ಎಂಬುದನ್ನೆಲ್ಲ ನಿರ್ಧರಿಸಿದ್ದು ಗಣಿಯಲ್ಲಿ ತುಂಬುತ್ತಿದ್ದ ನೀರು.

ಮೊದಲು ಬೆಳ್ಳಿ ಇಲ್ಲಿಗೆ ಹೇಗೆ ಬಂತು ಎಂಬುದನ್ನು ನೋಡೋಣ. ಮೆಕ್ಸಿಕೊದ ನಡುಭಾಗದಲ್ಲಿ ಪೂರ್ವ ಪಶ್ಚಿಮವಾಗಿ ಜ್ವಾಲಾಮುಖಿಗಳ ಪಟ್ಟಿಯೊಂದು ಹಾದುಹೋಗಿದೆ. ಪಚೂಕಾ ಬೆಟ್ಟಸಾಲು ಅದರ ಅಂಚಿನಲ್ಲಿದೆ. ಕೋಟ್ಯಂತರ ವರ್ಷಗಳ ಹಿಂದೆ ಇಲ್ಲಿ ಜ್ವಾಲಾಮುಖಿಗಳು ಪದರ ಪದರವಾಗಿ ಆಂಡಿಸೈಟ್ ಎಂಬ ಬಂಡೆಯನ್ನು ಸುರಿದವು. ನೆಲ ಕದಲಿದಂತೆ ಆ ಬಂಡೆಯಲ್ಲಿ ಬಿರುಕುಗಳು ಮೂಡಿದವು. ಆಳದ ಶಿಲಾಪಾಕದಿಂದ ಕಾದ ನೀರು, ಕರಗಿದ ಲೋಹ ಮತ್ತು ಗಂಧಕವನ್ನು ಹೊತ್ತುಕೊಂಡು ಈ ಬಿರುಕುಗಳಲ್ಲಿ ಮೇಲೇರಿತು. ಮೇಲೇರುತ್ತ ತಣಿದಾಗ ಹೊತ್ತದ್ದನ್ನು ಅಲ್ಲಲ್ಲೇ ಇಳಿಸಿತು. ಬಿರುಕು ಬೆಣಚುಕಲ್ಲಿನಿಂದ ತುಂಬಿಕೊಂಡಿತು. ಅದರ ನಡುವೆ ಬೆಳ್ಳಿಯ ಸಲ್ಫೈಡ್ ಸೇರಿಕೊಂಡಿತು. ಹೀಗೆ ರೂಪುಗೊಂಡ ಅದಿರಿನ ಎಳೆಗಳು ಕಿಲೋಮೀಟರುಗಟ್ಟಲೆ ಉದ್ದ, ನೂರಾರು ಮೀಟರ್ ಆಳ, ಆದರೆ ದಪ್ಪ ಮಾತ್ರ ಕೆಲವೇ ಮೀಟರ್. ರೆಯಾಲ್ ದೆಲ್ ಮೊಂತೆಯ ಹೆಸರಾಂತ ಎಳೆ ವಿಸ್ಕಾಯಿನಾ. ಈ ಊರೂ ಪಚೂಕಾವೂ ಸೇರಿ ನಾಲ್ಕೂವರೆ ಶತಮಾನಗಳಲ್ಲಿ ಕೊಟ್ಟ ಬೆಳ್ಳಿ ಮೂವತ್ತೈದು ಸಾವಿರ ಟನ್ನಿಗೂ ಹೆಚ್ಚು.

ಇಲ್ಲಿಯೇ ತೊಡಕು ಇರುವುದು. ಅದಿರು ನಿಂತ ಬಿರುಕು ನೀರಿಗೂ ದಾರಿ. ಬೆಟ್ಟದ ಮೇಲೆ ಬಿದ್ದ ಮಳೆ, ಮಂಜು ಕರಗಿ ಇಳಿದ ತೇವ, ಎಲ್ಲವೂ ಒಡೆದ ಬಂಡೆಯ ಸಂದುಗಳಲ್ಲಿ ಇಳಿದು ಗಣಿಯ ತಳಕ್ಕೆ ಬರುತ್ತದೆ. ಅದಿರು ಬಹುಮಟ್ಟಿಗೆ ನೆಟ್ಟಗೆ ಕೆಳಕ್ಕೆ ಇಳಿಯುವುದರಿಂದ ಗಣಿಗಾರನೂ ಕೆಳಕ್ಕೇ ಇಳಿಯಬೇಕು. ಅಂತರ್ಜಲದ ಮಟ್ಟ ದಾಟಿದ ಮೇಲೆ ಅಗೆಯುವ ಪ್ರತಿ ಮೊಳಕ್ಕೂ ನೀರಿನ ಸುಂಕ ತೆರಬೇಕು. ಅದಿರು ತೆಗೆಯದ ದಿನವೂ ನೀರು ತೆಗೆಯಲೇಬೇಕು. ಒಂದು ವರ್ಷ ಸುಮ್ಮನಿದ್ದರೆ ಹತ್ತು ವರ್ಷದ ದುಡಿಮೆ ಮುಳುಗಿಹೋಗುತ್ತದೆ.

ಸ್ಪೇನಿನವರು ಹದಿನಾರನೆಯ ಶತಮಾನದ ನಡುವಿನಲ್ಲಿ ಇಲ್ಲಿ ಅಗೆಯಲು ತೊಡಗಿದಾಗ ಮೇಲುಮೇಲಿನ ಅದಿರು ಸುಲಭವಾಗಿ ಸಿಕ್ಕಿತು. ಆಗಿನ ಕಷ್ಟ ನೀರಿನದಲ್ಲ, ಉರುವಲಿನದು. ಅದಿರನ್ನು ಕರಗಿಸಲು ಬೇಕಾಗುವಷ್ಟು ಸೌದೆ ಎಲ್ಲಿಂದ ತರುವುದು? ಸೆವಿಲ್ಯಾದಿಂದ ಬಂದಿದ್ದ ಬಾರ್ತೊಲೊಮೆ ದೆ ಮೆದಿನಾ ಎಂಬ ವ್ಯಾಪಾರಿ 1555ರ ಸುಮಾರಿಗೆ ಪಚೂಕಾದಲ್ಲಿ ಬೆಂಕಿಯಿಲ್ಲದ ದಾರಿಯೊಂದನ್ನು ಸಾಧಿಸಿ ತೋರಿಸಿದ. ಅದಿರನ್ನು ನುಣ್ಣಗೆ ಅರೆದು, ಕಲ್ಲುಹಾಸಿನ ದೊಡ್ಡ ಅಂಗಳದಲ್ಲಿ ಹರಡಿ, ನೀರು, ಉಪ್ಪು, ಪಾದರಸ ಬೆರೆಸಿ ಹೇಸರಗತ್ತೆಗಳಿಂದ ವಾರಗಟ್ಟಲೆ ತುಳಿಸುವುದು. ತಾಮ್ರದ ಸಲ್ಫೇಟ್, ಅಂದರೆ ಮೈಲುತುತ್ತ, ಬೆರೆಸಿದಾಗ ಕೆಲಸ ಇನ್ನೂ ಚೆನ್ನಾಗಿ ಆಗುತ್ತದೆಂಬುದೂ ಗೊತ್ತಾಯಿತು. ಬೆಳ್ಳಿ ಪಾದರಸದೊಡನೆ ಕೂಡಿಕೊಂಡು ಕೆಳಗುಳಿಯುತ್ತದೆ, ಕಾಯಿಸಿದರೆ ಪಾದರಸ ಆವಿಯಾಗಿ ಬೆಳ್ಳಿ ಉಳಿಯುತ್ತದೆ. ಮುಂದಿನ ಮುನ್ನೂರು ವರ್ಷ ಸ್ಪ್ಯಾನಿಷ್ ಅಮೆರಿಕದ ಬೆಳ್ಳಿಯ ದೊಡ್ಡ ಪಾಲು ಹೀಗೆಯೇ ಹೊರಬಂತು. ಆ ಅಂಗಳಗಳಲ್ಲಿ ಪಾದರಸದ ನಡುವೆ ದುಡಿದವರ ಆರೋಗ್ಯದ ಲೆಕ್ಕವನ್ನು ಯಾರೂ ಇಡಲಿಲ್ಲ.

ಈ ವಿಧಾನಕ್ಕೂ ನೀರು ಬೇಕು. ಅರೆಯುವ ಗಿರಣಿ ತಿರುಗಿಸಲು ಹರಿಯುವ ತೊರೆ ಬೇಕು. ಗಣಿಯೊಳಗೆ ಬೇಡದಷ್ಟು ನೀರಿದ್ದ ಊರಿಗೆ ಗಿರಣಿ ತಿರುಗಿಸುವ ನೀರು ಬೇಕಾದಾಗ ಬೆಟ್ಟ ಇಳಿದು ಊಆಸ್ಕಾ ಕಣಿವೆಗೆ ಹೋಗಬೇಕಾಯಿತು. ಅಲ್ಲಿನ ಸಾಂತಾ ಮರಿಯಾ ರೆಗ್ಲಾದಲ್ಲಿ, ಆರು ಮುಖದ ಕಂಬಗಳನ್ನು ಸಾಲಾಗಿ ನಿಲ್ಲಿಸಿದಂತಿರುವ ಬಸಾಲ್ಟ್ ಕಮರಿಯ ಪಕ್ಕದಲ್ಲಿ, ಬೆಳ್ಳಿ ಬೇರ್ಪಡಿಸುವ ಅಂಗಳಗಳು ಎದ್ದವು. 1803ರಲ್ಲಿ ಅಲ್ಲಿಗೆ ಬಂದ ಜರ್ಮನಿಯ ನಿಸರ್ಗವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹುಂಬೋಲ್ಟ್ ಆ ಕಂಬಗಳ ಚಿತ್ರ ಬರೆದುಕೊಂಡ.

ಹದಿನೆಂಟನೆಯ ಶತಮಾನದ ಹೊತ್ತಿಗೆ ಮೇಲಿನ ಅದಿರು ಮುಗಿದು, ವಿಸ್ಕಾಯಿನಾ ಎಳೆಯ ಒಳ್ಳೆಯ ಭಾಗವೆಲ್ಲ ನೀರಿನಡಿಯಲ್ಲಿತ್ತು. ಆಗ ನೀರೆತ್ತುತ್ತಿದ್ದ ಬಗೆ ನಮ್ಮ ಕಪಿಲೆಯಂಥದ್ದೇ: ತೊಗಲಿನ ಚೀಲ, ಹಗ್ಗ, ಎಳೆಯಲು ಪ್ರಾಣಿ. ನಮ್ಮಲ್ಲಿ ಎತ್ತು ಇಳಿಜಾರಿನಲ್ಲಿ ಹಿಂದೆ ಮುಂದೆ ನಡೆದರೆ ಅಲ್ಲಿ ಕುದುರೆಗಳು ದೊಡ್ಡ ಉರುಳೆಯೊಂದನ್ನು ಸುತ್ತುತ್ತಿದ್ದವು. ಬಾವಿಗೆ ಇದು ಸಾಕು, ಗಣಿಗೆ ಸಾಲದು. ಹೊಸೆ ಅಲೆಹಾಂದ್ರೊ ಬುಸ್ತಮಾಂತೆ ಎಂಬುವನು ಬೇರೆ ಉಪಾಯ ಹೂಡಿದ. ಬೆಟ್ಟದ ಮೇಲಿನಿಂದ ನೀರೆತ್ತುವ ಬದಲು, ಬುಡದ ಕಣಿವೆಯಿಂದ ಗಣಿಯ ಕಡೆಗೆ ತುಸುವೇ ಏರುವ ಅಡ್ಡ ಸುರಂಗ ಕೊರೆದರೆ ನೀರು ತಾನಾಗಿ ಹರಿದು ಹೊರಬರುತ್ತದೆ. ಲೆಕ್ಕ ಸರಿ; ಆದರೆ ಎರಡು ಕಿಲೋಮೀಟರಿಗೂ ಉದ್ದದ ಸುರಂಗವನ್ನು ಗಟ್ಟಿ ಬಂಡೆಯಲ್ಲಿ ಉಳಿ, ಸುತ್ತಿಗೆ, ಮದ್ದುಪುಡಿಯಿಂದ ಕೊರೆಯಬೇಕು. ಬುಸ್ತಮಾಂತೆ ನಡುವೆಯೇ ತೀರಿಕೊಂಡ. ಅವನ ಪಾಲುದಾರ, ಸ್ಪೇನಿನ ಕೊರ್ತೆಗಾನಾದಿಂದ ಬಂದಿದ್ದ ಪೆದ್ರೊ ರೊಮೆರೊ ದೆ ತೆರೆರೋಸ್, ಕೆಲಸ ಮುಂದುವರಿಸಿ 1762ರಲ್ಲಿ ಸುರಂಗವನ್ನು ವಿಸ್ಕಾಯಿನಾಕ್ಕೆ ಮುಟ್ಟಿಸಿದ. ನೀರು ಇಳಿಯಿತು, ಬೆಳ್ಳಿ ಏರಿತು. ಕೆಲವೇ ವರ್ಷಗಳಲ್ಲಿ ಆತ ಲೋಕದ ದೊಡ್ಡ ಶ್ರೀಮಂತರ ಸಾಲಿಗೆ ಸೇರಿದ. 1768ರಲ್ಲಿ ದೊರೆ ಅವನಿಗೆ ರೆಗ್ಲಾದ ಕೌಂಟ್ ಎಂಬ ಪದವಿ ಕೊಟ್ಟ. ಬಡವರಿಗೆ ಕಡಿಮೆ ದರದಲ್ಲಿ ಸಾಲ ಸಿಗಲೆಂದು ಅವನು 1775ರಲ್ಲಿ ಮೆಕ್ಸಿಕೊ ನಗರದಲ್ಲಿ ತೆರೆದ ಮೊಂತೆ ದೆ ಪಿಯೆದಾದ್ ಎಂಬ ಗಿರವಿ ಸಂಸ್ಥೆ ಇಂದಿಗೂ ನಡೆಯುತ್ತಿದೆ. ದಾನಿ ಎಂಬ ಹೆಸರು ಅವನಿಗೆ ಗಟ್ಟಿಯಾಗಿ ಅಂಟಿಕೊಂಡಿದೆ. ಅದೇ ದಾನಿ ತನ್ನ ಗಣಿಯಾಳುಗಳ ಕೂಲಿಯಲ್ಲಿ ಕಾಸಿಗೆ ಕಾಸು ಎಣಿಸಿದ್ದರಿಂದಲೇ ಊರಿಗೆ ಇನ್ನೊಂದು ಬಗೆಯ ಖ್ಯಾತಿಯೂ ಬಂತು.

ಅದನ್ನು ಅರಿಯಲು ಪಾರ್ತಿದೊ ಎಂಬ ಪಾಲಿನ ಪದ್ಧತಿ ಗೊತ್ತಿರಬೇಕು. ಗಣಿಯಲ್ಲಿ ಅದಿರು ಕಡಿಯುವವನಿಗೆ ಪಾಳಿಗೆ ನಾಲ್ಕು ರೆಯಾಲ್, ಅಂದರೆ ಅರ್ಧ ಪೆಸೊ, ದಿನಗೂಲಿ. ಆ ಕೂಲಿಗೆ ಅವನು ಇಂತಿಷ್ಟು ಚೀಲ ಅದಿರು ತುಂಬಿಕೊಡಬೇಕು. ಅದನ್ನು ಮುಗಿಸಿದ ಮೇಲೂ ಶಕ್ತಿಯಿದ್ದರೆ ಹೆಚ್ಚಿಗೆ ತೆಗೆದ ಅದಿರಿನಲ್ಲಿ ಅವನಿಗೆ ಪಾಲುಂಟು. ಜಾಣ ಗಣಿಯಾಳು ಒಳ್ಳೆಯ ಅದಿರನ್ನು ತನ್ನ ಪಾಲಿನ ಚೀಲಕ್ಕೆ ಉಳಿಸಿಕೊಳ್ಳುತ್ತಿದ್ದ ಎಂಬುದು ಮಾಲೀಕರ ದೂರು. ಸಿಲಿಕಾ ದೂಳು, ಕಡಿದಾದ ಏಣಿ, ಯಾವಾಗ ಕುಸಿಯುತ್ತದೋ ಗೊತ್ತಿಲ್ಲದ ಸೂರು, ಇವುಗಳ ನಡುವೆ ದುಡಿಯುವವನು ಆ ಪಾಲಿಗಾಗಿಯೇ ಗಣಿಗಿಳಿಯುತ್ತಿದ್ದ. ನಾಲ್ಕು ರೆಯಾಲ್ ಅದಕ್ಕೆ ನೆಪವಷ್ಟೆ. ಪಾಲು ಅಂದರೆ ಅವನು ಬರಿಯ ಕೂಲಿಯವನಲ್ಲ, ಸಣ್ಣದೊಂದು ಹಕ್ಕುದಾರ.

ಸುರಂಗಕ್ಕೆ ಹಣ ಸುರಿದಿದ್ದ ರೊಮೆರೊ ದೆ ತೆರೆರೋಸ್ ಈ ಹಕ್ಕಿನ ಬುಡಕ್ಕೇ ಕೊಡಲಿ ಹಾಕಿದ. ಕಂಪನಿಯ ಚೀಲವನ್ನೂ ಆಳಿನ ಚೀಲವನ್ನೂ ಒಟ್ಟಿಗೆ ಸುರಿದು ಕಲಸಿ, ಆಮೇಲೆ ಪಾಲು ಕೊಡಬೇಕೆಂದ. ಹೊರುವ ಆಳುಗಳ ಕೂಲಿಯನ್ನು ನಾಲ್ಕರಿಂದ ಮೂರು ರೆಯಾಲ್‌ಗೆ ಇಳಿಸಿದ. 1766ರ ಜುಲೈನಲ್ಲಿ ಗಣಿಯಾಳುಗಳು ತಮ್ಮ ದೂರುಗಳನ್ನು ಬರೆಸಿ ಅಧಿಕಾರಿಗಳ ಮುಂದಿಟ್ಟರು. ಅಲ್ಲಿ ಫಲ ಕಾಣದೆ ಮೆಕ್ಸಿಕೊ ನಗರಕ್ಕೆ ಹೋಗಿ ವೈಸರಾಯ್‌ಗೇ ಮನವಿ ಕೊಟ್ಟರು. ಓದು ಬರಹ ಬಾರದ ಬಹುಪಾಲು ಜನರ ಮನವಿಯಲ್ಲಿ ಕೂಲಿಯ ದರ, ಚೀಲದ ಅಳತೆ, ಮೇಸ್ತ್ರಿಗಳ ಮೋಸ ಎಲ್ಲವೂ ಬಿಡಿಬಿಡಿಯಾಗಿ ದಾಖಲಾಗಿತ್ತು. ಇದು ನನಗೆ ಮುಂದಿನ ಗಲಭೆಗಿಂತ ಮುಖ್ಯವಾಗಿ ಕಾಣುತ್ತದೆ. ದಂಗೆಗಳು ಸ್ಪ್ಯಾನಿಷ್ ಅಮೆರಿಕಕ್ಕೆ ಹೊಸತಲ್ಲ. ಕೆಲಸ ನಿಲ್ಲಿಸಿ, ಬೇಡಿಕೆ ಬರೆದು, ಉತ್ತರಕ್ಕಾಗಿ ಕಾಯುವುದು ಹೊಸತು.

ಕಾಯುವಿಕೆ ಬಹಳ ದಿನ ನಡೆಯಲಿಲ್ಲ. ಆಗಸ್ಟ್ 15ರಂದು ಸಿಟ್ಟು ಒಡೆದು ಗುಂಪು ಕಲ್ಲು ತೂರಿತು. ಸ್ಥಳೀಯ ಆಡಳಿತಾಧಿಕಾರಿ ಮಿಗೆಲ್ ರಮೋನ್ ದೆ ಕೋಕಾ ಮತ್ತು ಗಣಿಯ ಒಬ್ಬ ಮೇಸ್ತ್ರಿ ಸತ್ತರು. ಜೈಲಿನ ಬಾಗಿಲು ತೆರೆಯಿತು. ಮಾಲೀಕ ಊರು ಬಿಟ್ಟು ತನ್ನ ಸಾನ್ ಮಿಗೆಲ್ ತೋಟದಮನೆ ಸೇರಿದ. ವೈಸರಾಯ್ ಸೈನ್ಯದ ಜೊತೆಗೆ ಫ್ರಾನ್ಸಿಸ್ಕೊ ಹವಿಯೆರ್ ದೆ ಗಂಬೋವಾ ಎಂಬ ನ್ಯಾಯವಿದನನ್ನೂ ಕಳುಹಿಸಿದ. ಗಣಿ ಕಾನೂನನ್ನು ಆ ಕಾಲದಲ್ಲಿ ಅವನಷ್ಟು ಅರೆದು ಕುಡಿದವರು ಕಡಿಮೆ. ಗಂಬೋವಾ ಕೊಟ್ಟ ಕಟ್ಟಳೆಗಳಲ್ಲಿ ಪಾಲಿನ ಪದ್ಧತಿ ಮರಳಿ ಬಂತು. ಕಲಸುವುದು ಹೇಗೆ, ಯಾರ ಎದುರಿಗೆ ಎಂಬ ನಿಯಮವೂ ಸೇರಿತು. ಮುಂದಾಳುಗಳೆನಿಸಿದವರಿಗೆ ಶಿಕ್ಷೆಯೂ ಆಯಿತು. ಖಂಡದ ಮೊದಲ ಮುಷ್ಕರ ಇದೇ ಎಂಬ ಊರಿನ ಹೆಮ್ಮೆಯನ್ನು ಇತಿಹಾಸಕಾರರು ಸಲೀಸಾಗಿ ಒಪ್ಪುವುದಿಲ್ಲ. ಮೊದಲು ಎಂಬುದನ್ನು ಯಾವುದರಿಂದ ಎಣಿಸುವುದು ಎಂಬ ತಕರಾರು ಇದ್ದೇ ಇದೆ. ಅಂಥ ಮುಷ್ಕರಗಳಲ್ಲಿ ಇಷ್ಟು ಚೆನ್ನಾಗಿ ದಾಖಲಾದವು ಕಡಿಮೆ ಎಂಬುದರಲ್ಲಿ ತಕರಾರಿಲ್ಲ.

ಅಡ್ಡ ಸುರಂಗಕ್ಕೆ ಒಂದು ಮಿತಿಯಿದೆ. ಅದು ತನ್ನ ಮಟ್ಟದವರೆಗಿನ ನೀರನ್ನಷ್ಟೇ ಹರಿಸಬಲ್ಲದು. ಅದರಿಂದ ಕೆಳಕ್ಕೆ ಇಳಿದ ಕೂಡಲೇ ಮತ್ತೆ ಎತ್ತುವ ಪಾಡು. ಶತಮಾನದ ಕೊನೆಗೆ ಗಣಿ ಮತ್ತೆ ಸೊರಗಿತು. 1810ರಿಂದ 1821ರವರೆಗಿನ ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಕೆಲಸ ನಿಂತು ತಳವೆಲ್ಲ ಕೆರೆಯಾಯಿತು. ಮೂರನೆಯ ಕೌಂಟ್‌ನ ಬಳಿ ಗಣಿಯಿತ್ತು, ಹಣವಿರಲಿಲ್ಲ. ಅದೇ ಹೊತ್ತಿಗೆ ಲಂಡನ್ನಿನಲ್ಲಿ ಹಣವಿತ್ತು, ತಾಳ್ಮೆಯಿರಲಿಲ್ಲ. ಸ್ಪೇನಿನ ಹಿಡಿತದಿಂದ ಹೊಸದಾಗಿ ಬಿಡುಗಡೆಯಾದ ದೇಶಗಳ ಬೆಳ್ಳಿಯೆಂದರೆ ಅಲ್ಲಿ ಹುಚ್ಚು ಹಿಡಿದಿತ್ತು. 1824ರಲ್ಲಿ ರೆಯಾಲ್ ದೆಲ್ ಮೊಂತೆಗಾಗಿಯೇ ಕಂಪನಿ ಹುಟ್ಟಿತು. ಮುಂದಿನ ಜನವರಿಯಲ್ಲಿ ಅದರ ಷೇರು ಹೂಡಿದ ಹಣದ ಹತ್ತು ಪಟ್ಟಿಗೂ ಮೇಲೆ ಏರಿತು. ಆಗ ಗಣಿಯಿಂದ ಹೊಸ ಕಂಪನಿಗೆ ಲಾಭವೆಂದು ಹೇಳುವಂಥದ್ದು ಏನೂ ಬಂದಿರಲಿಲ್ಲ.

ಕಂಪನಿಯ ಹಿಂದಿದ್ದ ತಂತ್ರಜ್ಞ ಜಾನ್ ಟೇಲರ್. ಈ ಹೆಸರನ್ನು ಕೋಲಾರ ಚಿನ್ನದ ಗಣಿಯ ನಂಟಿರುವ ಓದುಗರು ಕೂಡಲೇ ಗುರುತಿಸುತ್ತಾರೆ. 1880ರ ದಶಕದಿಂದ ಕೆಜಿಎಫ್‌ನ ಗಣಿಗಳನ್ನು ನಡೆಸಿದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಇದೇ ಟೇಲರ್‌ನ ಮನೆತನದ್ದು. ಅಲ್ಲಿಗೂ ಇಲ್ಲಿಗೂ ಬಂದ ಗಣಿಗಾರರು ಕಾರ್ನ್‌ವಾಲ್‌ನವರೇ. ತವರ ಮತ್ತು ತಾಮ್ರಕ್ಕಾಗಿ ನೂರಾರು ಮೀಟರ್ ಆಳಕ್ಕೆ ಇಳಿದಿದ್ದ ಕಾರ್ನ್‌ವಾಲ್‌ನವರಿಗೆ ಬೇರೆಯವರಿಗೆ ಗೊತ್ತಿಲ್ಲದ ಒಂದು ವಿದ್ಯೆ ಚೆನ್ನಾಗಿ ಗೊತ್ತಿತ್ತು: ಉಗಿಯಂತ್ರದಿಂದ ಗಣಿಯ ನೀರೆತ್ತುವುದು.

ಆ ಯಂತ್ರಗಳನ್ನು ಊರಿಗೆ ಮುಟ್ಟಿಸಿದ ಕತೆ ಯಾರನ್ನಾದರೂ ಬೆಚ್ಚಿಸುವಂಥದ್ದು. 1825ರಲ್ಲಿ ಹಡಗುಗಳು ಸುಮಾರು 1,500 ಟನ್ ಸಾಮಾನಿನೊಂದಿಗೆ ಹೊರಟವು. ಅದರಲ್ಲಿ ಬಿಡಿಬಿಡಿಯಾಗಿ ಬಿಚ್ಚಿಟ್ಟ ಒಂಬತ್ತು ಉಗಿಯಂತ್ರಗಳಿದ್ದವು. ಇಳಿಯಬೇಕಾಗಿದ್ದ ವೆರಾಕ್ರೂಸ್ ಬಂದರಿನ ಎದುರಿನ ಸಾನ್ ಹುವಾನ್ ದೆ ಉಲುವಾ ಕೋಟೆ ಇನ್ನೂ ಸ್ಪೇನಿನ ಪಡೆಗಳ ಕೈಯಲ್ಲಿತ್ತು. ಆದ್ದರಿಂದ ದಕ್ಷಿಣದ ಮೊಕಾಂಬೊ ಎಂಬ ಬಯಲು ಕಡಲತೀರದಲ್ಲೇ ಬಾಯ್ಲರ್, ಸಿಲಿಂಡರ್, ಟನ್‌ಗಟ್ಟಲೆ ತೂಕದ ಎರಕದ ತುಂಡುಗಳನ್ನು ಮರಳಿಗೆ ಇಳಿಸಬೇಕಾಯಿತು. ಮಳೆಗಾಲ ಶುರುವಾಯಿತು, ಅದರೊಂದಿಗೆ ಹಳದಿ ಜ್ವರವೂ ಬಂತು. ತಂಪು ನಾಡಿನಿಂದ ನೇರವಾಗಿ ಬಂದಿದ್ದ ಕಾರ್ನ್‌ವಾಲ್‌ನವರೂ ಅವರ ಜೊತೆ ದುಡಿದ ಮೆಕ್ಸಿಕೊದ ಕೂಲಿಗಳೂ ಗುಂಪುಗುಂಪಾಗಿ ಸತ್ತರು. ಉಳಿದವರು ಮೇಲಿನ ಹಲಾಪಾ ಊರಿಗೆ ಓಡಿ ಜೀವ ಉಳಿಸಿಕೊಂಡು, ಮಳೆ ನಿಂತ ಮೇಲೆ ಮತ್ತೆ ಇಳಿದುಬಂದರು. ದಾರಿಯಿಲ್ಲದ ಕಡೆ ದಾರಿ ಕಡಿಯುತ್ತ, ಹೇಸರಗತ್ತೆಗಳ ಸಾಲುಗಳಿಂದ ಬಂಡಿ ಎಳೆಸುತ್ತ, ಕಡಲ ಮಟ್ಟದಿಂದ 2,700 ಮೀಟರ್ ಎತ್ತರಕ್ಕೆ ಆ ಕಬ್ಬಿಣವನ್ನೆಲ್ಲ ಏರಿಸಿ 1826ರ ಮೇ 1ರಂದು ಊರು ಮುಟ್ಟಿದರು.

ಯಂತ್ರ ನಡೆಯಿತು, ನೀರು ಇಳಿಯಿತು. ಕಂಪನಿ ಮಾತ್ರ ಮೇಲೇಳಲಿಲ್ಲ. ಕಾರಣ ಒಂದೇ ಅಲ್ಲ. ಇಂಗ್ಲೆಂಡಿನಲ್ಲಿ ಉಗಿಯಂತ್ರ ಕಲ್ಲಿದ್ದಲು ತಿನ್ನುತ್ತದೆ. ಇಲ್ಲಿ ಕಲ್ಲಿದ್ದಲಿಲ್ಲ, ಸುತ್ತಲ ಕಾಡನ್ನೇ ಕಡಿದು ಉರಿಸಬೇಕು. ನೀರು ತೆಗೆದ ಮೇಲೆ ವಿಸ್ಕಾಯಿನಾದ ಆಳದಲ್ಲಿ ಕಂಡ ಅದಿರು ಹಿಂದಿನವರು ತೆಗೆದುಕೊಂಡದ್ದರಷ್ಟೇನೂ ಒಳ್ಳೆಯದಾಗಿರಲಿಲ್ಲ. ಗಣಿಯಾಳುಗಳ ಪಾಲಿನ ಪದ್ಧತಿಗೆ ಇಂಗ್ಲಿಷರೂ ಕೈಹಾಕಿ ಸುಟ್ಟುಕೊಂಡರು; 1766ರ ಪಾಠವನ್ನು ಲಂಡನ್ನಿನ ನಿರ್ದೇಶಕರಿಗೆ ಯಾರೂ ಓದಿ ಹೇಳಿರಲಿಲ್ಲ ಎಂದು ಕಾಣುತ್ತದೆ. ಕಾಲು ಶತಮಾನದಲ್ಲಿ ಸುಮಾರು ಐವತ್ತು ಲಕ್ಷ ಪೆಸೊ ಕಳೆದುಕೊಂಡು 1849ರಲ್ಲಿ ಕಂಪನಿ ಗಣಿಯನ್ನು ಮಾರಿತು. ಕೊಂಡ ಮೆಕ್ಸಿಕೊದ ಹೂಡಿಕೆದಾರರಿಗೆ ನೀರು ಬರಿದಾದ ಶಾಫ್ಟ್‌ಗಳು, ಓಡುವ ಯಂತ್ರಗಳು, ತರಬೇತಾದ ಕೆಲಸಗಾರರು, ರಸ್ತೆ ಎಲ್ಲವೂ ಅಗ್ಗಕ್ಕೆ ಸಿಕ್ಕವು. ಸ್ವಲ್ಪ ಸಮಯದಲ್ಲೇ ಪಚೂಕಾದ ರೊಸಾರಿಯೊ ಗಣಿಯಲ್ಲಿ ಭಾರಿ ಬೆಳ್ಳಿ ಬಿತ್ತು. ಬೆವರು ಒಬ್ಬರದು, ಬೆಳೆ ಇನ್ನೊಬ್ಬರದು. ಟೇಲರ್ ಮನೆತನ ಇಲ್ಲಿ ಕಳೆದುಕೊಂಡದ್ದನ್ನು ಎರಡು ತಲೆಮಾರಿನ ಮೇಲೆ ಕೋಲಾರದ ಚಿನ್ನದಲ್ಲಿ ಗಳಿಸಿಕೊಂಡಿತು.

ಕಂಪನಿ ಹೋದರೂ ಕಾರ್ನ್‌ವಾಲ್‌ನವರು ಹೋಗಲಿಲ್ಲ. ಹೊಸ ಮಾಲೀಕರೂ ಯಂತ್ರಗಳಿಗಾಗಿ ಅವರನ್ನೇ ಕರೆಸಿಕೊಂಡರು. ರೆಡ್ರೂತ್, ಕ್ಯಾಂಬೋರ್ನ್ ಊರುಗಳಿಂದ ಅಣ್ಣನ ಹಿಂದೆ ತಮ್ಮ, ಅಪ್ಪನ ಹಿಂದೆ ಮಗ ಬರುತ್ತಲೇ ಇದ್ದರು. ಅವರಲ್ಲಿ ಫ್ರಾನ್ಸಿಸ್ ರೂಲ್ ಎಂಬಾತ ಗಣಿ ಮಾಲೀಕನಾಗಿ ಬೆಳೆದು, 1910ರಲ್ಲಿ ಪಚೂಕಾದ ನಡುಚೌಕದಲ್ಲಿ ಎದ್ದ ಗಡಿಯಾರ ಗೋಪುರಕ್ಕೆ ಹಣ ಕೊಟ್ಟವರಲ್ಲೊಬ್ಬನಾದ. ಊರಿನ ಇಳಿಜಾರು ಮಾಡುಗಳು, ಚಾವಣಿಯ ಹೊಗೆಗೂಡುಗಳು, ಚರ್ಚಿನ ಎರಡು ಗೋಪುರಗಳಲ್ಲಿ ಒಂದು ಸ್ಪ್ಯಾನಿಷ್ ಬಗೆಯದು, ಇನ್ನೊಂದು ಇಂಗ್ಲಿಷ್ ಬಗೆಯದು ಆಗಿರುವುದು, ಇವೆಲ್ಲ ಅವರ ಗುರುತು. ಫುಟ್ಬಾಲ್ ಕೂಡ. ದೇಶದ ಮೊದಲ ಪಂದ್ಯ ಇಲ್ಲಿನ ಗಣಿಯಂಗಳದಲ್ಲೇ ನಡೆಯಿತೆಂದು ಊರು ಹೇಳುತ್ತದೆ, ಬೇರೆ ಊರುಗಳೂ ಹಾಗೆಯೇ ಹೇಳುತ್ತವೆ. ಗಣಿಗಾರರ ಆಟದಿಂದ ಹುಟ್ಟಿದ ಪಚೂಕಾ ತಂಡ ಮಾತ್ರ ಇಂದಿಗೂ ದೇಶದ ಮೊದಲ ದರ್ಜೆಯ ಲೀಗಿನಲ್ಲಿದೆ.

ಹೆಚ್ಚು ಹೇಳಬೇಕಾದದ್ದು ಪೇಸ್ತೆಯ ಬಗ್ಗೆ. ಕಾರ್ನ್‌ವಾಲ್‌ನ ಗಣಿಗಾರನ ಬುತ್ತಿ ಪೇಸ್ಟಿ: ಅರ್ಧಚಂದ್ರಾಕಾರದ ಹಿಟ್ಟಿನ ಹೊದಿಕೆ, ಒಳಗೆ ದನದ ಮಾಂಸ, ಆಲೂಗಡ್ಡೆ, ಈರುಳ್ಳಿ, ಟರ್ನಿಪ್‌ನಂಥ ಗೆಡ್ಡೆ. ಮೇಲೆ ಹಗ್ಗ ಹೆಣೆದಂಥ ದಪ್ಪ ಅಂಚು. ಬೆಳಿಗ್ಗೆ ಬೇಯಿಸಿದ್ದು ಮಧ್ಯಾಹ್ನದವರೆಗೆ ಗಣಿಯೊಳಗೆ ಕೆಡದೆ, ತಟ್ಟೆ ಬೇಡದೆ ಉಳಿಯುತ್ತದೆ. ಕೊಳಕು ಕೈಯಲ್ಲಿ ಅಂಚು ಹಿಡಿದು ತಿಂದು, ಅಂಚನ್ನು ಎಸೆಯುತ್ತಿದ್ದರು ಎಂಬ ವಿವರಣೆಯನ್ನು ಎಲ್ಲ ಅಂಗಡಿಯವರೂ ಹೇಳುತ್ತಾರೆ. ಹಸಿದ ಗಣಿಯಾಳು ಹಿಟ್ಟು ಎಸೆಯುತ್ತಿದ್ದ ಎಂಬುದು ನನಗೆ ನಂಬಲು ಕಷ್ಟ. ಬಟ್ಟೆಯಲ್ಲೋ ಕಾಗದದಲ್ಲೋ ಸುತ್ತಿಕೊಂಡು ತುದಿಯಿಂದ ತುದಿಯವರೆಗೂ ತಿನ್ನುತ್ತಿದ್ದರು ಎನ್ನುವವರ ಮಾತೇ ಸರಿಯಿರಬೇಕು. ಮೆಕ್ಸಿಕೊದ ಅಡುಗೆಮನೆಗೆ ಬಂದ ಪೇಸ್ಟಿ ಪೇಸ್ತೆಯಾಯಿತು. ಗೆಡ್ಡೆ ಹೋಯಿತು, ಹಸಿಮೆಣಸಿನಕಾಯಿ ಬಂತು. ಈಗ ಬೀನ್ಸ್ ಕಾಳಿನದು, ಮೋಲೆ ಸಾರಿನದು, ಅನಾನಸ್ಸಿನದು, ಹಾಲನ್ನದ್ದು ಎಲ್ಲ ಸಿಗುತ್ತವೆ. ಹಾಗಾದರೆ ಮೆಕ್ಸಿಕೊದ ಎಂಪನಾದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಕೇಳಿದರೆ ಊರಿನವರು ಗಂಭೀರವಾಗುತ್ತಾರೆ: ಎಂಪನಾದಕ್ಕೆ ಹೂರಣ ಬೇಯಿಸಿ ತುಂಬುತ್ತಾರೆ, ಮಾಂಸ ಆಲೂಗಡ್ಡೆಯ ಮೂಲ ಪೇಸ್ತೆಗೆ ಹಸಿಯಾಗಿಯೇ ತುಂಬಿ ಒಲೆಯಲ್ಲಿ ಹಿಟ್ಟಿನ ಜೊತೆಗೇ ಬೇಯಿಸಬೇಕು. ಒಳಗಿನ ರಸ ಹಿಟ್ಟಿಗೆ ಇಳಿಯುವುದು ಆಗಲೇ. 2009ರಿಂದ ಪ್ರತಿ ಅಕ್ಟೋಬರಿನಲ್ಲಿ ಪೇಸ್ತೆ ಹಬ್ಬ ನಡೆಯುತ್ತದೆ. ಪೇಸ್ತೆಗೆಂದೇ ಒಂದು ವಸ್ತುಸಂಗ್ರಹಾಲಯವೂ ಇದೆ. ಆಗ ಯುವರಾಜನಾಗಿದ್ದ ಚಾರ್ಲ್ಸ್ 2014ರ ನವೆಂಬರಿನಲ್ಲಿ ಈ ಊರಿಗೆ ಬಂದಿದ್ದ.

ಇಂಗ್ಲಿಷರ ಸ್ಮಶಾನ ಊರಿನ ಮೇಲಿನ ಗುಡ್ಡದಲ್ಲಿ ಮರಗಳ ನಡುವೆ ಇದೆ. ಹೊಸ ಮೆಕ್ಸಿಕೊದ 1824ರ ಸಂವಿಧಾನ ಕ್ಯಾಥೊಲಿಕ್ ಮತವನ್ನಷ್ಟೇ ಒಪ್ಪಿತ್ತು. ಕಾರ್ನ್‌ವಾಲ್‌ನವರು ಬಹುತೇಕ ಮೆಥಡಿಸ್ಟ್ ಎಂಬ ಪ್ರಾಟೆಸ್ಟೆಂಟ್ ಪಂಥದವರು. ಅವರನ್ನು ಊರಿನ ಚರ್ಚಿನಂಗಳದಲ್ಲಿ ಹೂಳುವಂತಿರಲಿಲ್ಲ. ಬ್ರಿಟನ್ನಿನೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಅವರಿಗೆ ಬೇರೆ ಸ್ಮಶಾನದ ಹಕ್ಕು ಸಿಕ್ಕಿತು. ಇಲ್ಲಿ ಏಳುನೂರಕ್ಕೂ ಹೆಚ್ಚು ಗೋರಿಗಳಿವೆ. ಎಲ್ಲವೂ ಇಂಗ್ಲೆಂಡಿನ ಕಡೆ ಮುಖ ಮಾಡಿವೆ, ಒಂದು ಮಾತ್ರ ಬೇರೆ ಕಡೆಗೆ ತಿರುಗಿದೆ, ಅದು ಸರ್ಕಸ್ಸಿನ ವಿದೂಷಕನದು ಎಂದು ತೋರಿಸಿ ಹೇಳುತ್ತಾರೆ. ಕ್ರೈಸ್ತರು ಗೋರಿಗಳನ್ನು ಪೂರ್ವಾಭಿಮುಖವಾಗಿ ಮಾಡುವುದು ಹಳೆಯ ರೂಢಿ ಎಂಬುದನ್ನು ನೆನೆದರೆ ಕತೆಯ ಸೊಗಸು ತುಸು ಕಡಿಮೆಯಾಗುತ್ತದೆ.

ಗಣಿಯಾಳುಗಳ ದೇವರು ಸೆಲೊಂತ್ಲಾದ ಸ್ವಾಮಿ. ಟೋಪಿ ಹಾಕಿ, ಮೇಲುಹೊದಿಕೆ ಹೊದ್ದು, ಗಣಿದೀಪ ಹಿಡಿದ ಏಸು. ಈ ವಿಗ್ರಹವನ್ನು ಮೆಕ್ಸಿಕೊ ನಗರಕ್ಕೆ ಒಯ್ಯುತ್ತಿದ್ದವರು ಒಂದು ರಾತ್ರಿ ಇಲ್ಲಿ ತಂಗಿದರಂತೆ. ಬೆಳಿಗ್ಗೆ ಎತ್ತಲು ಹೋದರೆ ಅಲುಗಲಿಲ್ಲವಂತೆ. ಜನವರಿಯಲ್ಲಿ ಅವನ ಜಾತ್ರೆ. ಭೂಮಿಯೊಳಗೆ ಹೋಗುವವರ ಜೊತೆ ತಾನೂ ಉಡುಪು ಬದಲಿಸಿಕೊಂಡು ನಿಂತ ದೇವರು ಎಂಬ ಭಾವ ಇಲ್ಲಿದೆ.

ಇಪ್ಪತ್ತನೆಯ ಶತಮಾನವನ್ನು ಬೇಗ ಹೇಳಿ ಮುಗಿಸಬಹುದು. 1906ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಕಂಪನಿಯೊಂದು ಗಣಿಗಳನ್ನು ಕೊಂಡಿತು. ಪಾದರಸದ ಅಂಗಳಗಳ ಜಾಗಕ್ಕೆ ಸೈನೈಡ್ ಬಂತು. ಆ ಕಾಲದಲ್ಲಿ ರೂಪುಗೊಂಡ, ಗಾಳಿ ಊದಿ ಅದಿರಿನ ರಾಡಿಯನ್ನು ಕದಡುವ ಎತ್ತರದ ತೊಟ್ಟಿಯನ್ನು ಲೋಹಶಾಸ್ತ್ರದಲ್ಲಿ ಇಂದಿಗೂ ಪಚೂಕಾ ಎಂದೇ ಕರೆಯುತ್ತಾರೆ, ಜಾರ್ಖಂಡಿನ ಜಾದೂಗುಡಾ ಯುರೇನಿಯಂ ಘಟಕದಲ್ಲೂ ಅದಿದೆ. ವಿದ್ಯುತ್ ಪಂಪು ಬಂದ ಮೇಲೆ ನೀರಿನ ಸಮಸ್ಯೆ ಬರಿಯ ಬಿಲ್ಲಿನ ಸಮಸ್ಯೆಯಾಯಿತು. 1947ರಲ್ಲಿ ಸರ್ಕಾರ ಗಣಿಗಳನ್ನು ಕೊಂಡಿತು. ಅದಿರು ತೆಳುವಾಗುತ್ತ ಬಂದು, ಶತಮಾನದ ಕೊನೆಯ ದಶಕಗಳಲ್ಲಿ ಊರಿನ ಗಣಿಗಳು ಒಂದೊಂದಾಗಿ ನಿಂತವು. ಉಗಿಯಂತ್ರಗಳು ಬೋಳಿಸಿದ ಬೆಟ್ಟಗಳಲ್ಲಿ ಮರ ಮತ್ತೆ ಬೆಳೆದಿದೆ. ಪಕ್ಕದ ಎಲ್ ಚಿಕೊ ಕಾಡಿಗೆ 1898ರಲ್ಲೇ ರಕ್ಷಣೆ ಸಿಕ್ಕಿತ್ತು. 2004ರಲ್ಲಿ ಸರ್ಕಾರ ಊರನ್ನು ಪ್ರವಾಸಿಗಳ ‘ಮಾಂತ್ರಿಕ ಊರು’ಗಳ (ಪ್ವೆಬ್ಲೊ ಮಾಹಿಕೊ) ಪಟ್ಟಿಗೆ ಸೇರಿಸಿತು. ಈಗ ವಾರವಿಡೀ ಕೆಲಸಕ್ಕೆ ಪಚೂಕಾಕ್ಕೆ ಇಳಿಯುವವರು ಹಲವರು. ಶನಿವಾರ ಭಾನುವಾರ ರಾಜಧಾನಿಯ ಕಾರುಗಳು ಓಣಿಗಳನ್ನು ತುಂಬುತ್ತವೆ, ಪೇಸ್ತೆ ಮತ್ತು ಬೆಳ್ಳಿ ಒಡವೆಯ ಅಂಗಡಿಗಳು ಆ ಎರಡು ದಿನಗಳನ್ನೇ ನೆಚ್ಚಿಕೊಂಡಿವೆ.

ಪ್ರವಾಸೋದ್ಯಮಕ್ಕೆ ಇಂಗ್ಲಿಷರ ಕತೆ ಚೆನ್ನಾಗಿ ಒದಗಿದೆ. ತಿನ್ನಲು ತಿಂಡಿ, ತೋರಿಸಲು ಸ್ಮಶಾನ, ಬಂದುಹೋಗಲು ಯುವರಾಜ. ಅದಿರು ಕಡಿದವರ ಕತೆ ಅಷ್ಟು ಸುಲಭವಾಗಿ ಮಾರಾಟವಾಗುವುದಿಲ್ಲ. ಹೋಗುವವರು ಅಕೋಸ್ತಾ ಗಣಿಯ ಸುರಂಗವನ್ನು ಮೊದಲು ನೋಡಿ, ಆಮೇಲೆ ಹಳೆಯ ಗಣಿ ಆಸ್ಪತ್ರೆಗೆ ಹೋಗಬೇಕು ಎನ್ನುತ್ತೇನೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಟ್ಟಿದ ಆ ಆಸ್ಪತ್ರೆ ಈಗ ಔದ್ಯೋಗಿಕ ರೋಗಗಳ ವಸ್ತುಸಂಗ್ರಹಾಲಯ. ಬೆಣಚುಕಲ್ಲಿನ ದೂಳು ಶ್ವಾಸಕೋಶದಲ್ಲಿ ಕೂತು ಉಂಟುಮಾಡುವ ಸಿಲಿಕೋಸಿಸ್ ಇಲ್ಲಿನ ಗಣಿಯಾಳುಗಳನ್ನು ಅಪಘಾತಗಳಿಗಿಂತ ಮೆಲ್ಲಗೆ ಕೊಂದ ರೋಗ. ಕೆಜಿಎಫ್‌ನ ಹಳೆಯ ಕುಟುಂಬಗಳಿಗೆ ಅದನ್ನು ವಿವರಿಸಬೇಕಾಗಿಲ್ಲ. ಊರಿನಲ್ಲಿ ಎತ್ತರದ ಕಾರಣ ಮೊದಲ ದಿನ ತಲೆನೋವು ಬರಬಹುದು, ನಿಧಾನವಾಗಿ ನಡೆಯಿರಿ. ಯಾವ ತಿಂಗಳಾದರೂ ಸ್ವೆಟರ್ ಇರಲಿ. ಸಸ್ಯಾಹಾರಿಗಳು ಬೀನ್ಸ್ ಕಾಳು ಅಥವಾ ಅನಾನಸ್ಸಿನ ಪೇಸ್ತೆ ಕೇಳಬಹುದು, ಆದರೆ ಹಿಟ್ಟಿಗೆ ಹಂದಿಯ ಕೊಬ್ಬು ಬೆರೆಸುವುದು ಅಲ್ಲಿ ಸಾಮಾನ್ಯ, ಆದ್ದರಿಂದ ಹೂರಣದ ಜೊತೆಗೆ ಹಿಟ್ಟಿನ ವಿಚಾರವನ್ನೂ ಕೇಳಿಕೊಂಡೇ ಕೊಳ್ಳಿ.